ಮೂರು ವರ್ಷ ಆಂಕಿ ಆಪ್ ಬಳಸಿದ ಮೇಲೆ: ಕನ್ನಡ ಮಾಧ್ಯಮದಿಂದ ಬಂದವಳ ಅನುಭವ

ಎಸ್ಸೆಸ್ಸೆಲ್ಸಿವರೆಗೆ ನಾನು ಓದಿದ್ದು ತೀರ್ಥಹಳ್ಳಿ ಕಡೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ. ಪಿಯುಸಿಗೆ ಶಿವಮೊಗ್ಗಕ್ಕೆ ಬಂದು ಸೈನ್ಸ್ ತಗೊಂಡೆ. ದೊಡ್ಡ ದೊಡ್ಡ ಪದಗಳೇ ಕಷ್ಟ ಕೊಡುತ್ತವೆ ಅಂತ ಹೆದರಿದ್ದೆ. ಹಾಗಾಗಲಿಲ್ಲ. ವೇಗೋತ್ಕರ್ಷಕ್ಕೆ ಆಕ್ಸಲರೇಶನ್, ದ್ಯುತಿಸಂಶ್ಲೇಷಣೆಗೆ ಫೋಟೋಸಿಂಥೆಸಿಸ್ ಅಂತ ಲೆಕ್ಚರರ್ ಬೋರ್ಡ್ ಮೇಲೆ ಬರೆದು ವಿವರಿಸುತ್ತಿದ್ದರು. ಎರಡು ವಾರಕ್ಕೆ ರೂಢಿಯಾಯಿತು. ನಾನು ಎಡವಿದ್ದು ನಡುನಡುವೆ ಬರುವ ಪದಗಳಲ್ಲಿ. ಅಸ್ಯೂಮ್, ಡಿರೈವ್, ಹೆನ್ಸ್, ವೇರ್‌ಆ್ಯಸ್, ನೆಗ್ಲಿಜಿಬಲ್. ಇವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುತ್ತೆ ಅಂದುಕೊಂಡೇ ಪಾಠ ಮುಂದೆ ಹೋಗುತ್ತದೆ.

ಮೊದಲ ಟೆಸ್ಟಿನಲ್ಲಿ ಒಂದು ಲೆಕ್ಕ ಬಂದಿತ್ತು. ಎರಡು ವಸ್ತುಗಳ ದ್ರವ್ಯರಾಶಿ 2 ಕೆಜಿ, 3 ಕೆಜಿ, ಕೊನೆಗೆ 'ರೆಸ್ಪೆಕ್ಟಿವ್ಲಿ' ಅಂತ ಇತ್ತು. ಅದಕ್ಕೆ ಬೇರೆ ಏನೋ ಸೂತ್ರ ಇರಬೇಕು ಅಂದುಕೊಂಡು ಲೆಕ್ಕವನ್ನೇ ಬಿಟ್ಟೆ. ರೂಮಿಗೆ ಬಂದು ನಿಘಂಟು ತೆಗೆದರೆ 'ಕ್ರಮವಾಗಿ'. ಹೈಸ್ಕೂಲಿನ ಗಣಿತದಲ್ಲಿ ಎಷ್ಟೋ ಸಲ ಓದಿದ ಪದ! ವಿಷಯ ನನಗೆ ಗೊತ್ತೇ ಇತ್ತು. ಅದರ ಇಂಗ್ಲಿಷ್ ಹೆಸರು ಮಾತ್ರ ಗೊತ್ತಿರಲಿಲ್ಲ. ಆ ರಾತ್ರಿ ತುಂಬಾ ಅತ್ತೆ.

ದೊಡ್ಡಮ್ಮನ ಮಗ ಮೆಡಿಕಲ್ ಓದುತ್ತಿದ್ದ. ಫೋನಿನಲ್ಲಿ ಹೇಳಿದೆ. "ಸುಮ್ನೆ ಉರು ಹೊಡೀಬೇಡ ಕಣೇ, ಆಂಕಿ ಹಾಕ್ಕೋ. ನಮ್ಮ ಕ್ಲಾಸಲ್ಲಿ ಅರ್ಧ ಜನ ಅದರಲ್ಲೇ ಓದೋದು" ಅಂದ. ಅವತ್ತಿನಿಂದ ಇವತ್ತಿನವರೆಗೆ, ಅಂದರೆ ಡಿಗ್ರಿ ಎರಡನೇ ವರ್ಷದವರೆಗೆ, ಬಿಟ್ಟಿಲ್ಲ.

ಆಂಕಿ ಅಂದರೆ ಪ್ರಶ್ನೆ-ಉತ್ತರದ ಕಾರ್ಡುಗಳನ್ನು ತೋರಿಸಿ ಕಲಿತದ್ದನ್ನು ನೆನಪಿಸುವ ಆಪ್. ಹೆಸರು ಜಪಾನಿ ಪದ, ಬಾಯಿಪಾಠ ಮಾಡುವುದು ಅಂತ ಅರ್ಥ. ಡೇಮಿಯನ್ ಎಲ್ಮ್ಸ್ ಎಂಬವರು 2006ರಲ್ಲಿ ಇದನ್ನು ಹೊರತಂದರು. ಕಂಪ್ಯೂಟರಿಗೆ ಪುಕ್ಕಟೆ. ಆಂಡ್ರಾಯ್ಡ್ ಫೋನಿಗೆ ಆಂಕಿಡ್ರಾಯ್ಡ್ ಅಂತ ಸಿಗುತ್ತದೆ, ಅದೂ ಪುಕ್ಕಟೆ, ಜಾಹೀರಾತಿಲ್ಲ. ಐಫೋನಿನವರು ಒಂದು ಸಲ ದುಡ್ಡು ಕೊಟ್ಟು ತಗೋಬೇಕು.

ಕೆಲಸ ಸರಳ. ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ನೆನಪಾಯಿತಾ, ಕಷ್ಟವಾಯಿತಾ, ಮರೆತೇ ಹೋಯಿತಾ ಅಂತ ಬಟನ್ ಒತ್ತಬೇಕು. ಗೊತ್ತಿದ್ದರೆ ಆ ಕಾರ್ಡ್ ಮಾರನೇ ದಿನ ಬರುತ್ತದೆ. ಆಮೇಲೆ ಸುಮಾರು ಮೂರು ದಿನಕ್ಕೆ, ವಾರಕ್ಕೆ, ಮೂರು ವಾರಕ್ಕೆ, ಹೀಗೆ ದೂರ ಸರಿಯುತ್ತಾ ಹೋಗುತ್ತದೆ. ಮರೆತರೆ ಮತ್ತೆ ಹತ್ತಿರಕ್ಕೆ ಬರುತ್ತದೆ. ಕಲಿತದ್ದು ಬೇಗ ಮರೆತುಹೋಗುತ್ತೆ, ಬಿಟ್ಟು ಬಿಟ್ಟು ನೆನಪಿಸಿಕೊಂಡರೆ ಉಳಿಯುತ್ತೆ ಅನ್ನುವುದನ್ನು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆಯೇ ಪ್ರಯೋಗ ಮಾಡಿ ಬರೆದಿದ್ದರು. ಯಾವ ಪದ ಯಾವತ್ತು ಓದಬೇಕು ಅನ್ನುವ ಲೆಕ್ಕ ಈಗ ಫೋನಿನದು. ನನ್ನ 'ರೆಸ್ಪೆಕ್ಟಿವ್ಲಿ' ಕಾರ್ಡ್ ಇನ್ನು ಒಂದು ವರ್ಷ ಕಾಣಿಸುವುದಿಲ್ಲ.

ಶುರುವಿನಲ್ಲಿ ಎರಡು ತಪ್ಪು ಮಾಡಿದೆ. ಒಂದು, ಯಾರೋ ಮಾಡಿಟ್ಟ ಐದು ಸಾವಿರ ಪದಗಳ ಡೆಕ್, ಅಂದರೆ ಕಾರ್ಡುಗಳ ಕಟ್ಟು, ಇಳಿಸಿಕೊಂಡೆ. ವಿದೇಶದ ಪರೀಕ್ಷೆಗಳಿಗೆ ಓದುವವರ ಪದಗಳು ಅವು. ನನ್ನ ಪುಸ್ತಕದಲ್ಲಿ ಒಂದೂ ಸಿಗಲಿಲ್ಲ, ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಎರಡು, ದಿನಕ್ಕೆ 20 ಹೊಸ ಕಾರ್ಡ್ ಅಂತ ಮೊದಲೇ ಇರುವ ಸೆಟ್ಟಿಂಗ್ ಹಾಗೇ ಬಿಟ್ಟೆ. ದೀಪಾವಳಿಗೆ ಊರಿಗೆ ಹೋಗಿ ಹನ್ನೆರಡು ದಿನ ತೆಗೆಯಲಿಲ್ಲ. ವಾಪಸ್ ಬಂದಾಗ 340 ಕಾರ್ಡ್ ಕೂತಿದ್ದವು. ಈಗ ದಿನಕ್ಕೆ 6 ಹೊಸ ಪದ, ಅಷ್ಟೇ. ಹಳೆಯದೂ ಸೇರಿ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಪರೀಕ್ಷೆ ಬಂದಾಗ ಹೊಸ ಪದ ಸೊನ್ನೆ. ಹೀಗೆ ಬಿಟ್ಟು ಹಿಡಿದು ಇಲ್ಲಿವರೆಗೆ ಸುಮಾರು 2,900 ಕಾರ್ಡ್ ಆಗಿವೆ.

ಕಾರ್ಡ್ ಮಾಡುವ ರೀತಿಯಲ್ಲೇ ಎಲ್ಲ ಇದೆ. ನಾನು ಬರೀ ಪದ ಹಾಕುವುದಿಲ್ಲ. ನನ್ನ ಪಠ್ಯಪುಸ್ತಕದಲ್ಲಿ ಅದು ಬಂದ ಪೂರ್ತಿ ವಾಕ್ಯ ಬರೆದು, ಪದದ ಜಾಗ ಖಾಲಿ ಬಿಡುತ್ತೇನೆ. ಹಿಂದೆ ಪದ, ಕನ್ನಡ ಅರ್ಥ, ನಾನೇ ಕಟ್ಟಿದ ಒಂದು ವಾಕ್ಯ. ಕನ್ನಡ ಅರ್ಥ ಹಾಕಬಾರದು, ಇಂಗ್ಲಿಷಿಗೆ ಇಂಗ್ಲಿಷೇ ಇರಬೇಕು ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 'ಕ್ರಮವಾಗಿ' ಅಂತ ಒಂದೇ ಪದದಲ್ಲಿ ಅರ್ಥವಾಗುವುದಕ್ಕೆ ಮೂರು ಸಾಲಿನ ಇಂಗ್ಲಿಷ್ ವಿವರಣೆ ಯಾಕೆ ಬೇಕು? ಆದರೆ ಕೆಲವು ಕಡೆ ಕನ್ನಡ ನಮ್ಮನ್ನು ದಾರಿ ತಪ್ಪಿಸುವುದೂ ನಿಜ. ನಾವು 'ಅದರ ಬಗ್ಗೆ ಚರ್ಚಿಸಿದೆವು' ಅನ್ನುತ್ತೇವೆ ಅಲ್ವಾ, ಅದೇ ಲೆಕ್ಕದಲ್ಲಿ 'ಡಿಸ್ಕಸ್ ಅಬೌಟ್' ಅಂತ ಬರೆದುಬಿಡುತ್ತೇವೆ. ಡಿಸ್ಕಸ್ ಮುಂದೆ ಅಬೌಟ್ ಬರಬಾರದು. ಇಂಥ ಪದಗಳಿಗೆ ಕನ್ನಡ ಅರ್ಥ ತೆಗೆದು, ಬರೀ ಸರಿಯಾದ ವಾಕ್ಯ ಇಟ್ಟಿದ್ದೇನೆ.

ಯಾವ ಪದ ಆರಿಸಬೇಕು ಅಂತ ಗೊತ್ತಾಗದಿದ್ದರೆ ಅಕಾಡೆಮಿಕ್ ವರ್ಡ್ ಲಿಸ್ಟ್ ನೋಡಿ. ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ ಪಟ್ಟಿ ಅದು. ಅದರಲ್ಲಿ ಒಂದೇ ಮೂಲದ ಪದಗಳನ್ನು ಸೇರಿಸಿ ಮಾಡಿದ 570 ಗುಂಪುಗಳಿವೆ. ಕಾಲೇಜು ಮಟ್ಟದ ಬರಹಗಳನ್ನು ಒಟ್ಟುಹಾಕಿ ಎಣಿಸಿದಾಗ, ಹೆಚ್ಚುಕಮ್ಮಿ ಹತ್ತು ಪದಕ್ಕೆ ಒಂದು ಈ ಪಟ್ಟಿಯದೇ ಆಗಿತ್ತಂತೆ. ಅಸ್ಯೂಮ್, ಡಿರೈವ್, ಹೆನ್ಸ್, ವೇರ್‌ಆ್ಯಸ್ ಎಲ್ಲಾ ಅದರಲ್ಲಿವೆ. ನನ್ನನ್ನು ಅಳಿಸಿದ ಪದಗಳನ್ನೇ ಯಾರೋ ಮೊದಲೇ ಎಣಿಸಿಟ್ಟಿದ್ದರು ಅಂತ ತಿಳಿದಾಗ ಎಷ್ಟು ಸಮಾಧಾನವಾಯಿತು ಅಂದರೆ ಹೇಳಲಾರೆ.

ನನಗೆ ಇಷ್ಟವಾದ ಇನ್ನೊಂದು ವಿಷಯ ಲೀಚ್. ಒಂದೇ ಕಾರ್ಡನ್ನು ಎಂಟು ಸಲ ಮರೆತರೆ ಆಂಕಿ ಅದಕ್ಕೆ ಆ ಗುರುತು ಹಾಕುತ್ತದೆ. ಲೀಚ್ ಅಂದರೆ ನಮ್ಮ ಇಂಬಳ. ಮಲೆನಾಡಿನವರಿಗೆ ಬೇರೆ ವಿವರಣೆ ಬೇಡ, ಕಾಲಿಗೆ ಹತ್ತಿದ್ದು ತೆಗೆಯದಿದ್ದರೆ ರಕ್ತ ಹೀರುತ್ತಲೇ ಇರುತ್ತದೆ. ಆ ಕಾರ್ಡನ್ನು ಮತ್ತೆ ಮತ್ತೆ ತಿಕ್ಕುವ ಬದಲು ಹೊಸದಾಗಿ ಬರೆಯುತ್ತೇನೆ. 'ಅಫೆಕ್ಟ್' ಮತ್ತು 'ಎಫೆಕ್ಟ್' ಹಾಗೇ ಇಂಬಳವಾಗಿದ್ದವು. ಎರಡನ್ನೂ ಒಂದೇ ವಾಕ್ಯದಲ್ಲಿ ಕೂರಿಸಿದ ಮೇಲೆ ಬಿಟ್ಟುಹೋದವು.

ಆಂಕಿಯಿಂದ ಆಗದ ಕೆಲಸವೂ ಇದೆ. ಅದು ಮಾತು ಕಲಿಸುವುದಿಲ್ಲ. 'ರಿಲಕ್ಟೆಂಟ್' ಪದ ಏಳು ತಿಂಗಳು ನನ್ನ ಡೆಕ್ಕಿನಲ್ಲಿತ್ತು. ನೋಡಿದ ತಕ್ಷಣ ಅರ್ಥ ಹೊಳೆಯುತ್ತಿತ್ತು. ಬಾಯಿಂದ ಒಮ್ಮೆಯೂ ಬರಲಿಲ್ಲ. ಈಗ ರಾತ್ರಿ ಊಟವಾದ ಮೇಲೆ ಅವತ್ತಿನ ಆರು ಪದ ಹಾಕಿ ರೂಮ್‌ಮೇಟ್ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡುತ್ತೇನೆ. ನೋಡಲೂ ಆಪ್ ಚೆಂದವಿಲ್ಲ, ಮೊದಲ ವಾರ ಸೆಟ್ಟಿಂಗ್‌ಗಳು ತಲೆಬುಡ ಅರ್ಥವಾಗುವುದಿಲ್ಲ. ಅಷ್ಟಕ್ಕೇ ಬಿಡಬೇಡಿ.

ಅದೇ ರೂಮ್‌ಮೇಟ್ ಹೋದ ವರ್ಷ ನನ್ನ ಡೆಕ್ ಕೇಳಿದಳು. ಕೊಟ್ಟೆ. ವಾರಕ್ಕೇ ಬಿಟ್ಟಳು. "ನಿನ್ನ ಫಿಸಿಕ್ಸ್ ವಾಕ್ಯ ನಂಗ್ಯಾಕೆ ಬೇಕೇ?" ಅಂದಳು. ಅವಳು ಕಾಮರ್ಸ್. ಆಮೇಲೆ ಇಬ್ಬರೂ ಕೂತು ಅವಳ ಅಕೌಂಟ್ಸ್ ಪುಸ್ತಕದಿಂದಲೇ ಮೂವತ್ತು ಕಾರ್ಡ್ ಮಾಡಿದೆವು. ನಿನ್ನೆ ಅವಳದು ನಾನೂರು ದಾಟಿತು.