ಲಿಂಬೆಹಣ್ಣು ಮುಖಕ್ಕೆ ತಿಕ್ಕಿ ಮಾಳಿಗೆ ಹತ್ತಬೇಡಿ

ಅಕ್ಕನ ಮೊಮ್ಮಗನ ತೋಳಿನ ಮೇಲೆ ನಾಲ್ಕು ಬೆರಳು ಮೂಡಿದ್ದವು. ಕೆಂಪಗೆ, ಒಂದೊಂದೂ ಬೇರೆ ಬೇರೆಯಾಗಿ ಎಣಿಸುವ ಹಾಗೆ. ಹುಡುಗನಿಗೆ ನಾಲ್ಕು ವರ್ಷ. ಅವನ ಅವ್ವ ಅಂಗಿಯ ತೋಳು ಮೇಲೆತ್ತಿ ನನ್ನ ಮುಂದೆ ಹಿಡಿದು, ಮೆಲ್ಲಗೆ ಕೇಳಿದಳು: "ಸಣ್ಣತ್ತಿ, ಇವಗ ಹೊಡದೀರೇನ್ರಿ?"

ಹೊಡೆದಿರಲಿಲ್ಲ. ಆದರೆ ಆ ಬೆರಳು ನನ್ನವೇ ಆಗಿದ್ದವು. ಹೇಗೆ ಅಂತ ನನಗೂ ಮರುದಿನದ ತನಕ ಗೊತ್ತಾಗಲಿಲ್ಲ.

ನಾನು ವಿಜಯಪುರದವಳು, ವಯಸ್ಸು ಐವತ್ತೊಂದು. ಮುಟ್ಟು ನಿಂತು ಎರಡು ವರ್ಷವಾಗಿತ್ತು. ಕನ್ನಡಿಯಲ್ಲಿ ಮುಖ ದಿನಾ ಸ್ವಲ್ಪ ಸ್ವಲ್ಪ ಕೆಳಗೆ ಇಳಿಯುತ್ತಿದೆ ಅನ್ನಿಸುತ್ತಿತ್ತು. ಅದು ಬರೀ ಭ್ರಮೆಯಲ್ಲ. ಮುಟ್ಟು ನಿಂತ ಮೊದಲ 5 ವರ್ಷಗಳಲ್ಲಿ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನು ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದಂತೆ. ಅಕ್ಕನ ಸಣ್ಣ ಮಗಳ ಮದುವೆ ಬೇರೆ ಗೊತ್ತಾಗಿತ್ತು. ಫೋಟೋ, ವಿಡಿಯೋ, ಡ್ರೋನ್ ಎಲ್ಲ ಇತ್ತು. ಪಾರ್ಲರಿನ ಕೆಮಿಕಲ್ ಬೇಡ, ಮನೆಯ ಮದ್ದೇ ಮಾಡೋಣ ಅಂತ ಮೊಬೈಲ್ ಹಿಡಿದು ಕೂತೆ. "ಹತ್ತು ವರ್ಷ ಚಿಕ್ಕವರಾಗಿ ಕಾಣಿ" ಅಂದ ಒಂದು ವಿಡಿಯೋದಲ್ಲಿ ಅರ್ಧ ಹೋಳು ಲಿಂಬೆಹಣ್ಣನ್ನು ಸಿಪ್ಪೆ ಸಮೇತ ಮುಖಕ್ಕೆ ತಿಕ್ಕಲು ಹೇಳಿದ್ದರು. ಉರಿದರೆ ಹೆದರಬೇಡಿ, ಕೆಲಸ ಮಾಡುತ್ತಿದೆ ಅಂತ ಅರ್ಥ ಅಂತಲೂ ಹೇಳಿದ್ದರು. ಈ ಮಾತನ್ನು ನಂಬಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಲಿಂಬೆಗೇನು ಬರ? ಅಕ್ಕನ ಊರು ಇಂಡಿ ಕಡೆ. ಊರಿನ ಹೆಸರಿನ ಮೇಲೆ ಕೊಡುವ ಜಿಐ ಟ್ಯಾಗ್ ಸಿಕ್ಕ ಅದೇ ಇಂಡಿ ಲಿಂಬೆ. ಮದುವೆ ತಯಾರಿಗೆ ಬರುವಾಗ ಅರ್ಧ ಚೀಲ ಹೊತ್ತು ತಂದಿದ್ದಳು. ಐದಾರು ದಿನ ದಿನಾ ಬೆಳಿಗ್ಗೆ ತಿಕ್ಕಿದೆ. ಮುಖ ನುಣ್ಣಗೆ, ಬಿಗಿಯಾದ ಹಾಗೆ ಕಂಡಿತು. ಹುಳಿ ತಾಗಿ ಚರ್ಮ ಸಣ್ಣಗೆ ಊದಿಕೊಂಡಾಗ ಸುಕ್ಕು ಮುಚ್ಚಿದಂತೆ ಕಾಣುತ್ತದೆ ಅಂತ ಆಮೇಲೆ ತಿಳಿಯಿತು.

ಏಳನೇ ದಿನ ಮಾಳಿಗೆ ಮೇಲೆ ಕುರಡಗಿ, ಸಂಡಿಗೆ ಹಾಕುವ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಲಿಂಬೆ ತಿಕ್ಕಿ, ಮುಖಕ್ಕೆ ನಾಲ್ಕು ಬೊಗಸೆ ತಣ್ಣೀರು ಹಾಕಿಕೊಂಡು ಮೇಲೆ ಹೋದೆ. ಸೋಪು ಹಚ್ಚಲಿಲ್ಲ. ಕುತ್ತಿಗೆಗೆ ಇಳಿದ ರಸ ಹಾಗೇ ಇತ್ತು, ಕೈಗೂ ಇತ್ತು. ಹಳೇ ಸೀರೆ ಹಾಸಿ, ಒರಳಿನಿಂದ ಕುರಡಗಿ ಬಿಡುತ್ತಾ ಮಧ್ಯಾಹ್ನ ಹನ್ನೆರಡರ ತನಕ ಬಿಸಿಲಲ್ಲೇ ಕೂತಿದ್ದೆವು. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ನಡುವೆ ಆ ಹುಡುಗ ಓಡಿ ಬಂದು ಹಸಿ ಹಿಟ್ಟಿಗೆ ಕೈ ಹಾಕಿದ. ತೋಳು ಹಿಡಿದು ಈಚೆ ಎಳೆದೆ. ಅಷ್ಟೇ.

ಅವತ್ತು ಏನೂ ಆಗಲಿಲ್ಲ. ಮೋಸ ಇರುವುದೇ ಇಲ್ಲಿ. ಮರುದಿನ ಸಂಜೆ ಕುತ್ತಿಗೆ ಉರಿಯತೊಡಗಿತು. ಮೂರನೇ ದಿನ ಏಳುವಾಗ ಕಿವಿಯ ಕೆಳಗಿನಿಂದ ರವಿಕೆಯ ಅಂಚಿನ ತನಕ, ರಸ ಹರಿದ ದಾರಿಯಲ್ಲೇ, ಒಂದು ಕೆಂಪು ಗೆರೆ. ಗೆರೆಯ ಕೊನೆಗೆ ಕಡಲೆಕಾಳಿನಷ್ಟು ದೊಡ್ಡ ನೀರುಗುಳ್ಳೆ. ಹನಿ ಬಿದ್ದು ನಿಂತ ಜಾಗ ಅದು. ಮಣಿಕಟ್ಟಿನ ಮೇಲೂ ಎರಡು. ದವಡೆಯ ಅಂಚು, ಮೇಲ್ದುಟಿಯ ಮೇಲೆ ಕಪ್ಪು ಛಾಯೆ. ಹುಡುಗನ ತೋಳು ನೋಡಿದ್ದೂ ಅದೇ ಬೆಳಿಗ್ಗೆ. ಯಾರೋ ಸರ್ಪಸುತ್ತು ಅಂದರು, ಯಾರೋ ದೃಷ್ಟಿ ಅಂದರು. ಅಕ್ಕ ಮಾತ್ರ ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಚರ್ಮದ ಡಾಕ್ಟರ್ ಇಬ್ಬರನ್ನೂ ಒಟ್ಟಿಗೆ ನೋಡಿ ಒಂದೇ ಪ್ರಶ್ನೆ ಕೇಳಿದರು: "ಲಿಂಬಿಹಣ್ಣು ಮುಟ್ಟಿದ್ರೇನ್ರಿ?" ನನಗೆ ನೆಲ ಬಿರಿದಂತಾಯಿತು. ಇದಕ್ಕೆ ಫೈಟೊಫೋಟೊಡರ್ಮಟೈಟಿಸ್ ಅನ್ನುತ್ತಾರೆ. ಇದು ಅಲರ್ಜಿಯಲ್ಲ, ಒಂದು ರೀತಿಯ ಸುಟ್ಟಗಾಯ. ಆದ್ದರಿಂದ ಯಾರಿಗೆ ಬೇಕಾದರೂ ಆಗಬಹುದು. ಲಿಂಬೆಯ ರಸದಲ್ಲಿ, ಅದಕ್ಕಿಂತ ಹೆಚ್ಚಾಗಿ ಸಿಪ್ಪೆಯ ಎಣ್ಣೆಯಲ್ಲಿ, ಫ್ಯೂರನೊಕೌಮರಿನ್ ಎಂಬ ವಸ್ತುಗಳಿವೆ. ನೆರಳಲ್ಲಿ ಅವು ಸುಮ್ಮನಿರುತ್ತವೆ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಎ ಕಿರಣ ತಾಗಿದ ಕೂಡಲೇ ಚರ್ಮದ ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಕೋಶವನ್ನೇ ಕೊಲ್ಲುತ್ತವೆ. ಹಚ್ಚಿದ ಅರ್ಧ ತಾಸಿನಿಂದ ಎರಡು ತಾಸಿನೊಳಗೆ ಚರ್ಮ ಹೆಚ್ಚು ಸೂಕ್ಷ್ಮವಾಗಿರುತ್ತದೆ. ಉರಿ, ಗುಳ್ಳೆ ಶುರುವಾಗುವುದು ಸುಮಾರು 24 ತಾಸಿನ ಮೇಲೆ, ಜೋರಾಗುವುದು 48ರಿಂದ 72 ತಾಸಿಗೆ. ಹಾಗಾಗಿ ಲಿಂಬೆಯ ಮೇಲೆ ಯಾರಿಗೂ ಸಂಶಯವೇ ಬರುವುದಿಲ್ಲ. ಮಕ್ಕಳ ಮೈಮೇಲೆ ಇಂಥ ಬೆರಳಚ್ಚು ನೋಡಿ ಹೊಡೆದಿದ್ದಾರೆ ಅಂತ ವೈದ್ಯರೇ ತಪ್ಪು ತಿಳಿದ ಪ್ರಕರಣಗಳೂ ಇವೆಯಂತೆ. ಸೊಸೆ ಅದನ್ನು ಕೇಳಿಸಿಕೊಂಡು ನನ್ನ ಕೈ ಹಿಡಿದಳು.

ಹೋಗಲಿ, ಲಿಂಬೆಯಿಂದ ವಿಟಮಿನ್ ಸಿ ಆದರೂ ಸಿಗುತ್ತದಲ್ಲ ಅಂತ ಕೇಳಿದೆ. ಅಂಗಡಿಯ ವಿಟಮಿನ್ ಸಿ ಸೀರಮ್‌ನಲ್ಲಿ ಅದು ಸಾಮಾನ್ಯವಾಗಿ ಶೇ 10ರಿಂದ 20 ಇರುತ್ತದೆ. ನೂರು ಗ್ರಾಂ ಲಿಂಬೆರಸದಲ್ಲಿ ಇರುವುದು 30ರಿಂದ 50 ಮಿಲಿಗ್ರಾಂ, ಅಂದರೆ ಶೇ 0.05ಕ್ಕಿಂತ ಹೆಚ್ಚಿಲ್ಲ. ಹುಳಿ ಮಾತ್ರ ಬೇಕಾದಷ್ಟು: ರಸದ ಪಿಎಚ್ ಎರಡರ ಆಸುಪಾಸು, ಚರ್ಮದ್ದು ಐದರ ಹತ್ತಿರ. ಪಿಎಚ್ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು, ಮೂರು ಅಂಕಿಯ ವ್ಯತ್ಯಾಸ ಅಂದರೆ ಸಾವಿರ ಪಟ್ಟು ಹುಳಿ. ಕೊಲಾಜೆನ್ ಕಟ್ಟಲು ದೇಹಕ್ಕೆ ವಿಟಮಿನ್ ಸಿ ಬೇಕು, ಖರೆ. ಅದಕ್ಕೆ ಲಿಂಬೆಯನ್ನು ಚಿತ್ರಾನ್ನಕ್ಕೆ ಹಿಂಡಿಕೊಂಡರೆ ಸಾಕಂತೆ.

ಇನ್ನೊಂದು ಮಾತು ಹೇಳಲೇಬೇಕು. ಗುಳ್ಳೆ ಒಣಗಿ ಕಪ್ಪು ಕಲೆ ಉಳಿದಾಗ, ಒಬ್ಬ ಹಿತೈಷಿಗಳು ಸಣ್ಣ ಶೀಶೆಯಲ್ಲಿ ಬಾವಂಚಿ ಎಣ್ಣೆ ತಂದುಕೊಟ್ಟರು. ಈಗ ಬಾಕುಚಿಯಾಲ್ ಅನ್ನುವುದಕ್ಕೆ ಭಾರೀ ಹೆಸರು, ಸುಕ್ಕಿಗೆ ಹಚ್ಚುವ ರೆಟಿನಾಲ್‌ಗೆ ನೈಸರ್ಗಿಕ ಬದಲಿ ಅಂತ. ಅದು ಬರುವುದು ಬಾವಂಚಿ ಬೀಜದಿಂದಲೇ ನಿಜ. ಆದರೆ ಶುದ್ಧ ಮಾಡಿದ ಬಾಕುಚಿಯಾಲ್ ಬೇರೆ, ಗಾಣದ ಹಸಿ ಎಣ್ಣೆ ಬೇರೆ. ಹಸಿ ಎಣ್ಣೆಯಲ್ಲಿ ಸೊರಾಲೆನ್ ಇರುತ್ತದೆ. ಆ ಹೆಸರು ಹುಟ್ಟಿದ್ದೇ ಬಾವಂಚಿಯ ಕುಲದ ಸಸ್ಯನಾಮ ಸೊರಾಲಿಯಾದಿಂದ. ನನ್ನನ್ನು ಸುಟ್ಟ ಗುಂಪಿನದ್ದೇ ವಸ್ತು ಅದು. ತೊನ್ನಿಗೆ ಡಾಕ್ಟರರು ಸೊರಾಲೆನ್ ಕೊಟ್ಟು, ಅಳೆದು ಯುವಿಎ ಹಾಯಿಸುವ ಚಿಕಿತ್ಸೆಯೇ ಇದೆ. ನಾನು ಅದೇ ಕೆಲಸವನ್ನು ಅಳತೆಯಿಲ್ಲದೆ ಮಾಳಿಗೆಯ ಮೇಲೆ ಮಾಡಿಕೊಂಡಿದ್ದೆ. ಶೀಶೆಯನ್ನು ಹಿತೈಷಿಗಳಿಗೆ ನಗುನಗುತ್ತಾ ವಾಪಸ್ ಕೊಟ್ಟೆ. ಅಂಜೂರದ ಹಾಲೂ ಹೀಗೆಯೇ. ತೋಟ ಇರುವವರು ನೆನಪಿಡಿ.

ಮುಖಕ್ಕೆ ವಯಸ್ಸು ತರುವುದರಲ್ಲಿ ದೊಡ್ಡ ಪಾಲು ಬಿಸಿಲಿನದೇ ಅಂತ ಡಾಕ್ಟರ್ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದದ್ದು. 28 ವರ್ಷ ಟ್ರಕ್ ಓಡಿಸಿದ 69ರ ಮನುಷ್ಯ. ಕಿಟಕಿ ಕಡೆಯ ಎಡಗೆನ್ನೆ ಜೋತುಬಿದ್ದು ಸುಕ್ಕಾಗಿದೆ, ಬಲಗೆನ್ನೆ ಎಷ್ಟೋ ಚಿಕ್ಕ ವಯಸ್ಸಿನದು. ಯುವಿಎ ಗಾಜು ದಾಟಿ ಬರುತ್ತದೆ. ಅಂದಿನಿಂದ ಬಸ್ಸು ಹತ್ತಿದಾಗಲೆಲ್ಲ ನಮ್ಮ ಡ್ರೈವರುಗಳ ಬಲಗೈ, ಬಲಗೆನ್ನೆ ನೋಡುವ ಚಟ ಹತ್ತಿದೆ.

ಈಗ ನಾನು ಮಾಡುವುದು ಇಷ್ಟೇ. ಹೊರಗೆ ಹೋಗುವ ಮುಂಚೆ ಎಸ್‌ಪಿಎಫ್ 30ರ ಮೇಲಿನ ಸನ್‌ಸ್ಕ್ರೀನ್ ಎರಡು ಬೆರಳಿನುದ್ದ, ಜೊತೆಗೆ ಛತ್ರಿ. ಸ್ನಾನಕ್ಕೆ ಕುದಿಯುವ ನೀರು ಬಿಟ್ಟೆ. ಮೈ ಒದ್ದೆಯಿರುವಾಗಲೇ ಕೈಕಾಲಿಗೆ ನಾಲ್ಕು ಹನಿ ಕುಸುಬಿ ಎಣ್ಣೆ. ನಮ್ಮ ಹೊಲದ್ದೇ, ಅದರಲ್ಲಿ ಚರ್ಮದ ಪೊರೆಗೆ ಬೇಕಾದ ಲಿನೊಲೆಯಿಕ್ ಆಮ್ಲ ಜಾಸ್ತಿ. ನೈಸರ್ಗಿಕ ಅನ್ನುವುದರ ಮೇಲೆ ನನಗೆ ಕೋಪವಿಲ್ಲ, ನೋಡಿ.

ಲಿಂಬೆ ಈಗಾಗಲೇ ತಾಗಿದ್ದರೆ ಸೋಪು ಹಚ್ಚಿ ತೊಳೆಯಿರಿ, ಉಗುರಿನ ಸಂದಿಯನ್ನೂ. ಆಮೇಲೆ ಎರಡು ದಿನ ಆ ಜಾಗಕ್ಕೆ ಬಿಸಿಲು ಬೀಳದಿರಲಿ. ಬೇಸಿಗೆಯಲ್ಲಿ ಬಾಗಿಲ ಮುಂದೆ ಕೂತು ಉಪ್ಪಿನಕಾಯಿಗೆ ಹೆಚ್ಚುವವರು, ಶರಬತ್ತಿಗೆ ಹಿಂಡುವವರಿಗೂ ಈ ಮಾತು. ಗುಳ್ಳೆ ಎದ್ದರೆ ಒಡೆಯಬೇಡಿ, ಅರಿಶಿನ ಮೆತ್ತಬೇಡಿ, ಡಾಕ್ಟರಿಗೆ ತೋರಿಸಿ.

ಹುಡುಗನ ತೋಳು ದಸರಾ ಹೊತ್ತಿಗೆ ತಿಳಿಯಾಯಿತು. ನನ್ನ ಕುತ್ತಿಗೆಯ ಗೆರೆ ಈಗ ತೆಳು ಕಂದು ಬಣ್ಣಕ್ಕೆ ಬಂದಿದೆ. ಮದುವೆ ಆಲ್ಬಮ್ಮಿನಲ್ಲಿ ಎಲ್ಲ ಫೋಟೋಗಳಲ್ಲೂ ನಾನು ಸೆರಗನ್ನು ಕಿವಿಯ ತನಕ ಹೊದ್ದು ನಿಂತಿದ್ದೇನೆ.