ಕೀಲಿಕೈ ಕಿಸೆಯಲ್ಲಿತ್ತು, ಕಾರಿಗೆ ಕೀಲಿ ಬಿದ್ದಿರಲಿಲ್ಲ

ಕಳೆದ ತಿಂಗಳು ರೋಣದಲ್ಲಿ ನನ್ನ ತಂಗಿಯ ಮಗಳ ಕುಬಸ, ಅಂದರೆ ಸೀಮಂತವಿತ್ತು. ಬಾಗಲಕೋಟೆಯ ನವನಗರದಿಂದ ನಾನು, ನನ್ನ ಹೆಂಡತಿ, ಅಕ್ಕ ಹಾಗೂ ಎಪ್ಪತ್ತು ದಾಟಿದ ನಮ್ಮ ಅವ್ವ ಬೆಳಿಗ್ಗೆಯೇ ಹೊರಟು, ದಾರಿಯಲ್ಲಿ ಬನಶಂಕರಿ ದೇವಿಯ ದರ್ಶನ ಪಡೆದು ಮುಂದೆ ಹೋಗುವುದೆಂದು ಮಾತಾಗಿತ್ತು. ಹಿಂದಿನ ಸೀಟಿನ ಮೇಲೆ ಉಡಿ ತುಂಬುವ ಸಾಮಾನು, ಹಸಿರು ಸೀರೆಯ ಪೊಟ್ಟಣ ಮತ್ತು ಅಕ್ಕನ ಕೈಚೀಲವಿದ್ದವು. ಮೊಮ್ಮಗಳ ಕೊರಳಿಗೆ ಹಾಕಲೆಂದು ಅವ್ವ ತೆಗೆದಿರಿಸಿದ್ದ ಎರಡು ತೊಲೆಯ ಬೋರಮಾಳ ಎಂಬ ಬಂಗಾರದ ಗುಂಡಿನ ಸರ, 30,000 ರೂಪಾಯಿ ನಗದು, ಅಕ್ಕನ ಮೊಬೈಲ್ ಮತ್ತು ಆಧಾರ್ ಕಾರ್ಡ್ ಆ ಕೈಚೀಲದಲ್ಲಿದ್ದವು. ಗುಡಿಯ ಬಳಿಯ ಬಯಲಿನಲ್ಲಿ ಕಾರು ನಿಲ್ಲಿಸಿ ದರ್ಶನಕ್ಕೆ ಹೋಗಿ, ಮುಕ್ಕಾಲು ಗಂಟೆಯ ನಂತರ ಮರಳಿ ಬಂದಾಗ ಸೀರೆ ಇತ್ತು, ಉಡಿಯ ಸಾಮಾನು ಇತ್ತು, ಕೈಚೀಲವಿರಲಿಲ್ಲ. ಗಾಜು ಒಡೆದಿರಲಿಲ್ಲ, ಬಾಗಿಲಿಗೆ ಒಂದು ಗೀರು ಕೂಡ ಬಿದ್ದಿರಲಿಲ್ಲ, ಏಕೆಂದರೆ ಕಾರಿಗೆ ಕೀಲಿಯನ್ನೇ ಹಾಕಿರಲಿಲ್ಲ.

ಬೆಲೆಬಾಳುವ ವಸ್ತು ಒಳಗಿಟ್ಟು ಕಾರನ್ನು ತೆರೆದು ಬಿಡುವವರು ಮೈಮರೆತವರು ಎಂದೇ ನಾನೂ ತಿಳಿದಿದ್ದೆ. ನಾವು ಮರೆತಿರಲಿಲ್ಲ ಎಂಬುದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಇಳಿಯುವಾಗ ಅವ್ವ, ಮೊಣಕಾಲು ನೋಯುತ್ತಿದ್ದುದರಿಂದ, "ನಾ ಇಲ್ಲೇ ಕುಂಡ್ರತೀನಿ, ನೀವು ಹೋಗಿ ಬರ್ರಿ" ಎಂದಳು. ಅವಳು ಒಳಗಿರುವಾಗ ಹೊರಗಿನಿಂದ ಕೀಲಿ ಹಾಕುವುದು ಸರಿಯಲ್ಲವೆಂದು ಹಾಗೆಯೇ ಬಿಟ್ಟು, ಬಿಸಿಲಿದ್ದುದರಿಂದ ಗಾಜನ್ನೂ ಇಳಿಸಿ ಹೋದೆ. ಸ್ವಲ್ಪ ಹೊತ್ತಿನ ನಂತರ ಸೆಕೆ ತಾಳಲಾರದೆ ಅವ್ವ ಇಳಿದಳು. ಹತ್ತಿರದಲ್ಲೇ ರೊಟ್ಟಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೆಣ್ಣುಮಗಳೊಬ್ಬಳ ಬಳಿ ನೀರು ಕೇಳಿ ಕುಡಿದು, ಅಲ್ಲಿಂದ ಗುಡಿಯ ಮುಂದಿನ ಹರಿದ್ರಾ ತೀರ್ಥವೆಂಬ ಹೊಂಡದ ಕಡೆಯ ನೆರಳಿಗೆ ಹೋಗಿ ಕುಳಿತಳು. ಬಾಗಿಲನ್ನು ಅವಳು ಮುಂದೆ ಮಾಡಿಯೇ ಇಳಿದಿದ್ದಳು. ಕಾರಿನ ಬಾಗಿಲು ಮುಚ್ಚಿದರೆ ಕೀಲಿ ತಾನಾಗಿಯೇ ಬೀಳುತ್ತದೆಂದು ಅವಳ ನಂಬಿಕೆ. ಗುಡಿಯಿಂದ ಹೊರಬಂದ ಅಕ್ಕ ಅವ್ವನನ್ನು ನೆರಳಿನಲ್ಲಿ ಕಂಡು, ನಾನು ಬಂದು ಕೀಲಿ ಹಾಕಿರಬೇಕು ಎಂದುಕೊಂಡಳು. ನನ್ನ ಕಿಸೆಯಲ್ಲಿ ಕೀಲಿಕೈ ತಗಲುತ್ತಲೇ ಇದ್ದುದರಿಂದ ನನಗೆ ಯಾವ ಅನುಮಾನವೂ ಹುಟ್ಟಲಿಲ್ಲ.

ನಾವು ಹಳೆಯ ಬಾಗಲಕೋಟೆಯ ಓಣಿಯಲ್ಲಿ ಬೆಳೆದವರು. ಆಲಮಟ್ಟಿಯ ಹಿನ್ನೀರಿಗೆ ಮನೆ ಹೋದ ಮೇಲೆ ನವನಗರದ ಸೆಕ್ಟರಿಗೆ ಬಂದವರು. ಆ ಓಣಿಯಲ್ಲಿ ಹಗಲು ಹೊತ್ತು ಯಾರೂ ಮನೆಗೆ ಕೀಲಿ ಹಾಕುತ್ತಿರಲಿಲ್ಲ. ಬಾಗಿಲು ಮುಂದೆ ಮಾಡಿ, ಎದುರುಮನೆಯ ಕಟ್ಟೆಯ ಮೇಲೆ ಕುಳಿತ ಅಜ್ಜಿಗೆ "ಸ್ವಲ್ಪ ನೋಡ್ಕೋರಿ" ಎಂದು ಹೇಳಿ ಸಂತೆಗೆ ಹೋದರೆ ಸಾಕಾಗುತ್ತಿತ್ತು. ಅಲ್ಲಿ ಮನುಷ್ಯರೇ ಕೀಲಿ. ಅಂದು ಕಾರಿನಲ್ಲಿ ಅವ್ವನನ್ನು ಕೂಡಿಸಿ ನಾನು ಮಾಡಿದ್ದೂ ಅದನ್ನೇ. ಆದರೆ ಕಟ್ಟೆಯ ಅಜ್ಜಿ ಎದ್ದುಹೋದರೆ ನೋಡಲು ಇನ್ನೊಬ್ಬರಿರುತ್ತಿದ್ದರು. ನೂರಾರು ಗಾಡಿ ನಿಲ್ಲುವ ಬಯಲಿನಲ್ಲಿ ಯಾವ ಕಾರು ಯಾರದೆಂದು ಯಾರಿಗೂ ತಿಳಿದಿರುವುದಿಲ್ಲ, ಬಾಗಿಲು ತೆರೆದು ಚೀಲ ಎತ್ತಿಕೊಂಡವನೇ ಅದರ ಒಡೆಯನೆಂದು ನೋಡಿದವರು ತಿಳಿಯುತ್ತಾರೆ. ಆಮೇಲೆ ನಂಟರಿಷ್ಟರನ್ನು ಕೇಳಿದಾಗ, ಕಿರಾಣಿ ಅಂಗಡಿಯ ಮುಂದೆ, ಶಾಲೆಯ ಗೇಟಿನ ಮುಂದೆ, ಮಗು ಮಲಗಿದೆ ಎಂದೋ ಎರಡೇ ನಿಮಿಷ ಎಂದೋ ಎಲ್ಲರೂ ಹೀಗೆಯೇ ಕಾರು ಬಿಟ್ಟು ಇಳಿಯುತ್ತಾರೆಂದು ತಿಳಿಯಿತು.

ಕಾರೂ ನಮ್ಮನ್ನು ತಪ್ಪು ತಿಳಿಯುವಂತೆ ಮಾಡುತ್ತದೆ. ಅನೇಕ ಕಾರುಗಳಲ್ಲಿ ಸ್ವಲ್ಪ ವೇಗ ಹಿಡಿದೊಡನೆ ಬಾಗಿಲುಗಳಿಗೆ ತಾವಾಗಿಯೇ ಲಾಕ್ ಬೀಳುವುದರಿಂದ, ಇಳಿದ ಮೇಲೂ ಹಾಗೆಯೇ ಆಗುತ್ತದೆಂಬ ಭಾವನೆ ಮನೆಯವರಲ್ಲಿ ಬೆಳೆಯುತ್ತದೆ. ಒಂದು ಬಾಗಿಲು ಸರಿಯಾಗಿ ಕೂಡದಿದ್ದರೆ ಅಥವಾ ರಿಮೋಟಿನ ಬ್ಯಾಟರಿ ಸೋತಿದ್ದರೆ, ನಡೆಯುತ್ತಾ ಹಿಂದಿರುಗಿ ನೋಡದೆ ಒತ್ತಿದ ಗುಂಡಿಯಿಂದ ಲಾಕ್ ಆಗದೆಯೂ ಇರಬಹುದು. ಆದ್ದರಿಂದ ದಯವಿಟ್ಟು ಹಿಡಿಕೆಯನ್ನು ಕೈಯಿಂದ ಎಳೆದು ನೋಡಿರಿ. ಚೀಲವನ್ನು ಡಿಕ್ಕಿಗೆ ಹಾಕುವುದಿದ್ದರೆ ಮನೆಯಲ್ಲೇ ಹಾಕಿಕೊಂಡು ಹೊರಡಿರಿ, ಏಕೆಂದರೆ ನಿಲ್ಲಿಸಿದ ಜಾಗದಲ್ಲಿ ಡಿಕ್ಕಿ ತೆರೆದು ಇಟ್ಟರೆ ನೋಡುವವರಿಗೆ ನಾವೇ ತೋರಿಸಿಕೊಟ್ಟಂತಾಗುತ್ತದೆ. ಬಂಗಾರವಂತೂ ಮೈಮೇಲೆ ಇಲ್ಲವೇ ಕೈಯಲ್ಲೇ ಇರಲಿ.

ಪೊಲೀಸ್ ಠಾಣೆಯಲ್ಲಿ ಕಳೆದ ಎರಡು ಗಂಟೆಗಳು ನನ್ನನ್ನು ಈಗಲೂ ಕಾಡುತ್ತವೆ. ಬೋರಮಾಳದಲ್ಲಿ ಗುಂಡುಗಳೆಷ್ಟು, ನಡುವೆ ಪದಕವಿತ್ತೇ, ಕೊಂಡಿ ಯಾವ ಬಗೆಯದು ಎಂದು ಕೇಳಿದಾಗ, ನಲವತ್ತು ವರ್ಷ ಅದನ್ನು ಕೊರಳಲ್ಲಿ ಹಾಕಿಕೊಂಡಿದ್ದ ಅವ್ವ ಬೆರಳು ಮಡಚಿ ಎಣಿಸಲು ಹೋಗಿ, ನಡುವೆ ನಿಲ್ಲಿಸಿ ಅತ್ತಳು. ಅದು ಅವಳ ತವರಿನದು. ರಸೀದಿ ಇರಲಿಲ್ಲ, ಹಾಲ್‌ಮಾರ್ಕ್ ಇರಲಿಲ್ಲ. ಕೊನೆಗೆ ಅಕ್ಕನ ಮದುವೆಯ ಆಲ್ಬಮ್‌ನಿಂದ ಒಂದು ಫೋಟೋ ತಂದುಕೊಟ್ಟೆವು. ಹಾಲ್‌ಮಾರ್ಕ್ ಇರುವ ಹೊಸ ಆಭರಣದ ಮೇಲೆ ಅದನ್ನು ಗುರುತಿಸುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಬಹುದು. ಹಳೆಯದಾಗಿದ್ದರೆ ತೂಕ ಮಾಡಿಸಿ, ಹಿಂದೆ ಮುಂದೆ ಎರಡೂ ಕಡೆಯ ಫೋಟೋ ತೆಗೆದಿಡಿರಿ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡುತ್ತಾರೆ, ಕೇಳಿ ಪಡೆಯಿರಿ. ಕಳೆದ ಮೊಬೈಲನ್ನು ಸರ್ಕಾರದ ಸಿಇಐಆರ್ ಜಾಲತಾಣದಲ್ಲಿ ಬ್ಲಾಕ್ ಮಾಡಿಸಲು ದೂರಿನ ಪ್ರತಿಯ ಜೊತೆಗೆ ಐಎಂಇಐ, ಅಂದರೆ ಆ ಮೊಬೈಲಿನ ಗುರುತಿನ ಸಂಖ್ಯೆ ಬೇಕು. *#06# ಒತ್ತಿದರೆ ಅದು ಕಾಣಿಸುತ್ತದೆ, ಆದರೆ ಮೊಬೈಲ್ ಕೈಯಲ್ಲಿರುವಾಗಲೇ ಅದನ್ನು ಬರೆದಿಟ್ಟುಕೊಂಡಿರಬೇಕು. ಅಕ್ಕನ ಮೊಬೈಲಿನ ಡಬ್ಬಿ ಮನೆಯಲ್ಲಿ ಉಳಿದಿದ್ದುದರಿಂದ ನಮಗೆ ಆ ಸಂಖ್ಯೆ ಸಿಕ್ಕಿತು.

ವಿಮೆಯಿಂದ ಏನೂ ಬರಲಿಲ್ಲ. ಕಾರಿನ ಸಾಮಾನ್ಯ ಪಾಲಿಸಿಯು ಕಾರಿಗೆ ಮತ್ತು ಅದಕ್ಕೆ ಜೋಡಿಸಿದ ಭಾಗಗಳಿಗೆ ಸಂಬಂಧಿಸಿದ್ದೇ ಹೊರತು ಒಳಗಿಟ್ಟ ಚೀಲಕ್ಕಲ್ಲ. ವೈಯಕ್ತಿಕ ವಸ್ತುಗಳಿಗೆಂದು ಹೆಚ್ಚಿನ ಹಣ ಕಟ್ಟಿ ಪಡೆಯುವ ಆಡ್‌ಆನ್‌ಗಳಲ್ಲಿಯೂ ಸಾಮಾನ್ಯವಾಗಿ ನಗದು ಮತ್ತು ಬಂಗಾರವನ್ನು ಹೊರಗಿಟ್ಟಿರುತ್ತಾರೆ.

ಅಂದು ಸಂಜೆ ರೋಣ ತಲುಪಿದಾಗ ಕುಬಸದ ಕಾರ್ಯ ಮುಗಿದಿತ್ತು. ಮೊಮ್ಮಗಳು ಹಸಿರು ಸೀರೆಯುಟ್ಟು ಬಂದು ಕಾಲಿಗೆರಗಿದಾಗ ಅವ್ವ ತನ್ನ ಬರಿಗೊರಳನ್ನು ಸೆರಗಿನಿಂದ ಮುಚ್ಚಿಕೊಂಡು, ಅವಳ ತಲೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತಳು. "ನಾನರ ಯಾಕ ಇಳದ್ನೋ" ಎಂದು ಇಂದಿಗೂ ಹಲುಬುತ್ತಾಳೆ. ತಪ್ಪು ನನ್ನದೆಂದು ಎಷ್ಟು ಹೇಳಿದರೂ ಅವಳಿಗೆ ಸಮಾಧಾನವಿಲ್ಲ. ಬನಶಂಕರಿಯ ಗುಡಿಯಿರುವ ಚೊಳಚಗುಡ್ಡದ ಸುತ್ತಮುತ್ತ ಹೊಲದ ಬದುವಿನಲ್ಲೋ ಗಟಾರದ ಬಳಿಯಲ್ಲೋ ಕಂದು ಬಣ್ಣದ ಕೈಚೀಲವಾಗಲಿ, ಹೆಣ್ಣುಮಗಳೊಬ್ಬಳ ಆಧಾರ್ ಕಾರ್ಡ್ ಆಗಲಿ ಬಿದ್ದಿರುವುದು ಯಾರ ಕಣ್ಣಿಗಾದರೂ ಬಿದ್ದರೆ, ದಯವಿಟ್ಟು ಹತ್ತಿರದ ಪೊಲೀಸ್ ಠಾಣೆಗೆ ತಲುಪಿಸಿರಿ.