ಬಿಳಿ ಕೀಗಳನ್ನಷ್ಟೇ ನುಡಿಸಿ ತೋರಿಸಿದರೆ ಹಣ ಕೊಡಬೇಡಿ

ಇಟಲಿಯ ಹಳೆಯ ಎಲೆಕ್ಟ್ರಾನಿಕ್ ಆರ್ಗನ್ ಕೊಳ್ಳಲು ಹೋಗಿ ನಾನು 450 ಯೂರೋ ಕಳೆದುಕೊಂಡೆ. ಬೊಲೊನ್ಯಾದಲ್ಲಿ ನೆಲೆಸಿ ಆರು ವರ್ಷವಾಯಿತು. ಇಲ್ಲಿ ಒಳ್ಳೆಯ ಹಾರ್ಮೋನಿಯಂ ಸಿಗುವುದಿಲ್ಲವೆಂದು ನಮ್ಮವರು ಕೆಲವರು ಇಂಥ ಮರದ ಪೆಟ್ಟಿಗೆಗಳ ಜಾಹೀರಾತು ನೋಡುತ್ತಿದ್ದಾರೆ. ಅವರು ಹಣ ಕೊಡುವ ಮೊದಲು ಇದನ್ನು ಓದಲಿ.

ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿದ್ದದ್ದು ‘ಫಾರ್ಫಿಸಾದ ನಾದ’ ಎಂಬ ಮಾತು. ಫಾರ್ಫಿಸಾ ಇಟಲಿಯ ಹೆಸರಾಂತ ಆರ್ಗನ್ ಕಂಪನಿ. ವಾದ್ಯ ಮಾತ್ರ ಅವರದ್ದಲ್ಲ, ಅದೇ ಪ್ರಾಂತ್ಯದ ಬೇರೊಂದು ಕಾರ್ಖಾನೆಯದು. ಆ ಸೀಮೆಯಲ್ಲಿ ಹೆಸರುಗಳು ಬೆರೆತುಹೋಗುವುದು ಸುಲಭ. ಮಾರ್ಕೆ ಪ್ರಾಂತ್ಯದ ಕಾಸ್ತೆಲ್‌ಫಿದಾರ್ದೊ ಊರಿನಲ್ಲಿ ಪಾವ್ಲೊ ಸೊಪ್ರಾನಿ 1863ರಲ್ಲಿ ಅಕಾರ್ಡಿಯನ್ ಮಾಡಲು ತೊಡಗಿದ. ಸುತ್ತಮುತ್ತಲ ಊರುಗಳೆಲ್ಲ ಅದನ್ನೇ ಕಸುಬು ಮಾಡಿಕೊಂಡವು. 1946ರಲ್ಲಿ ಮೂರು ಅಕಾರ್ಡಿಯನ್ ಕಂಪನಿಗಳು ಒಂದುಗೂಡಿ ಫಾರ್ಫಿಸಾ ಆಯಿತು. ರಾಕ್ ಸಂಗೀತ ಬಂದು ಅಕಾರ್ಡಿಯನ್‌ಗೆ ಬೇಡಿಕೆ ಕುಸಿದಾಗ ಇವರೆಲ್ಲ ಟ್ರಾನ್ಸಿಸ್ಟರ್ ಕೈಗೆತ್ತಿಕೊಂಡರು. ಎಲ್ಕಾ, ಕ್ರುಮಾರ್, ರೆಕನಾತಿ ಊರಿನ ಎಕೊ, ಈ ಕಂಪನಿಗಳೆಲ್ಲವೂ ಕೆಲವೇ ಮೈಲುಗಳ ಅಂತರದಲ್ಲಿ ಬೆಳೆದವು.

ಆದರೆ ಫಾರ್ಫಿಸಾಗೆ ಹೆಸರು ಬಂದದ್ದು ನಾನು ಕೊಂಡಂಥ ಮನೆಬಳಕೆಯ ಆರ್ಗನ್‌ನಿಂದ ಅಲ್ಲ. 1964ರ ಫಾರ್ಫಿಸಾ ಕಾಂಪ್ಯಾಕ್ಟ್ ಮತ್ತು ಅದರ ಸೋದರ ವಾದ್ಯಗಳಿಗೆ ಕಾಲು ಬಿಚ್ಚಿ ಮಡಚಿ ವ್ಯಾನಿನಲ್ಲಿ ಒಯ್ಯುವ ಅನುಕೂಲವಿತ್ತು. ವಾದ್ಯವೃಂದಗಳು ಕೊಂಡದ್ದು ಅವನ್ನೇ. ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ರಿಚರ್ಡ್ ರೈಟ್ ನುಡಿಸಿದ್ದು ಕಾಂಪ್ಯಾಕ್ಟ್ ಡುವೊ. ಅದರ ಹಿಂದೆ ಬಿನ್ಸನ್ ಎಕೋರೆಕ್ ಎಂಬ, ಮಿಲಾನಿನ ಪ್ರತಿಧ್ವನಿ ಯಂತ್ರವೂ ಇತ್ತು. ಆ ಚೂಪಾದ, ಪೀಪಿಯಂತೆ ಕಿವಿಗೆ ನಾಟುವ ನಾದ ಗಿಟಾರಿನ ಆಂಪ್ಲಿಫೈಯರ್ ಮೂಲಕ ಹೊರಬಂದದ್ದು. ಕುಟುಂಬಕ್ಕಾಗಿ ಮಾಡಿದ ಆರ್ಗನ್ ಬೇರೆಯೇ ಜಾತಿ: ಒಂದರ ಮೇಲೊಂದು ಕೀಗಳ ಎರಡು ಮಣೆ, ಕಾಲಡಿ ಪೆಡಲ್, ವಾಲ್ಟ್ಸ್ ಮತ್ತು ಬೊಸ್ಸನೋವಾ ಎಂಬ ಕುಣಿತದ ಲಯಗಳನ್ನು ಬಾರಿಸುವ ತಾಳದ ಪೆಟ್ಟಿಗೆ, ಒಳಗೇ ಸ್ಪೀಕರ್. ಪಡಸಾಲೆಯಲ್ಲಿ ಯಾರ ಕಿವಿಗೂ ಚುಚ್ಚದಂತೆ ಅದರ ಧ್ವನಿಯನ್ನು ಮೆತ್ತಗೆ ಮಾಡಿರುತ್ತಾರೆ. ಕೀಳು ಎನ್ನುತ್ತಿಲ್ಲ, ಅದರ ಕೊಳಲಿನ ಸ್ವರ ನನಗೆ ಈಗಲೂ ಬಹಳ ಇಷ್ಟ. ಆದರೆ ಕಾಂಪ್ಯಾಕ್ಟ್‌ನ ನಾದ ಬೇಕೆಂದು ಇದನ್ನು ಕೊಂಡರೆ ಆ ನಾದ ಸಿಗುವುದಿಲ್ಲ.

ಮಾರುವವನು ಕಳಿಸಿದ ವಿಡಿಯೋದಲ್ಲಿ ತಾಳದ ಪೆಟ್ಟಿಗೆ ಜೋರಾಗಿ ಓಡುತ್ತಿತ್ತು, ಅವನು ಒಂದು ವಾಲ್ಟ್ಸ್ ನುಡಿಸುತ್ತಿದ್ದ. ಸೊಗಸಾಗಿಯೇ ಕೇಳಿಸಿತು. ಅನ್ಕೋನಾ ಹತ್ತಿರದ ಅವನ ಗೋದಾಮಿಗೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಬಾಡಿಗೆ ವ್ಯಾನ್ ಓಡಿಸಿಕೊಂಡು ಹೋದೆ. ಅಲ್ಲಿ ವಿದ್ಯುತ್ ಇರಲಿಲ್ಲ. ವಿಡಿಯೋ ನೋಡಿದ್ದೀರಲ್ಲ ಎಂದ. ವ್ಯಾನ್ ಸಂಜೆಯೊಳಗೆ ಹಿಂದಿರುಗಿಸಬೇಕಿತ್ತು. ಹಣ ಕೊಟ್ಟೆ.

ಮನೆಗೆ ತಂದ ದಿನ ಬಿಳಿ ಕೀಗಳ ಮೇಲೇ ಶಂಕರಾಭರಣದ ಸರಳೆ ವರಸೆ ನುಡಿಸಿದೆ, ಎಲ್ಲ ಸ್ವರಗಳೂ ಬಂದವು. ಫೋನಿನಲ್ಲಿ ಕೇಳುತ್ತಿದ್ದ ಅಮ್ಮ ಕಲ್ಯಾಣಿ ನುಡಿಸು ಎಂದರು. ಸ ರಿ ಗ ಬಂತು. ಶಂಕರಾಭರಣದಲ್ಲಿಲ್ಲದ ಪ್ರತಿ ಮಧ್ಯಮ ಬರಲಿಲ್ಲ. ಬೆರಳು ಕಪ್ಪು ಮೂರರ, ಅಂದರೆ ಮೂರನೆಯ ಕಪ್ಪು ಕೀಯ, ಮೇಲೆ ಒತ್ತಿಯೇ ಇತ್ತು, ಒಳಗೆ ಮೌನ. ಮೇಲಿನ ಸ್ಥಾಯಿಯಲ್ಲಿ ಒತ್ತಿದೆ, ಮಂದ್ರದಲ್ಲಿ ಒತ್ತಿದೆ, ಕೆಳಗಿನ ಮಣೆಯಲ್ಲೂ ಒತ್ತಿದೆ. ಎಲ್ಲಿಯೂ ಇಲ್ಲ. ವಿಡಿಯೋ ಮತ್ತೆ ಹಾಕಿ ಅವನ ಬೆರಳುಗಳನ್ನೇ ನೋಡಿದೆ. ವಾಲ್ಟ್ಸ್ ಮೊದಲಿನಿಂದ ಕೊನೆಯವರೆಗೆ ಬಿಳಿ ಮನೆಗಳ, ಅಂದರೆ ಬಿಳಿ ಕೀಗಳ, ಮೇಲೇ ನಡೆದಿತ್ತು.

ರಿಪೇರಿಯವರು ಹಿಂಬದಿಯ ಹಲಗೆ ತೆಗೆದು ಕಾರಣ ತೋರಿಸಿದರು. ಆ ಕಾಲದ ಇಂಥ ಆರ್ಗನ್‌ಗಳಲ್ಲಿ ಅತಿ ಮೇಲಿನ ಸ್ಥಾಯಿಯ 12 ಸ್ವರಗಳಿಗೆ 12 ಆಸಿಲೇಟರ್‌ಗಳು, ಅಂದರೆ ಕಂಪನ ಹುಟ್ಟಿಸುವ ಸರ್ಕ್ಯೂಟ್‌ಗಳು, ಇರುತ್ತವೆ. ಕೆಳಗಿನ ಸ್ಥಾಯಿಗಳಿಗೆ ಸ್ವಂತ ಮೂಲವಿಲ್ಲ. ಕಂಪನವನ್ನು ಅರ್ಧ ಮಾಡುತ್ತಾ ಹೋಗುವ ಸರ್ಕ್ಯೂಟ್‌ಗಳ ಸಾಲಿನಿಂದ 880 ಹರ್ಟ್ಸ್ 440 ಆಗುತ್ತದೆ, 440 ಇಳಿದು 220, ಆಮೇಲೆ 110. ಆಸಿಲೇಟರ್ ಸತ್ತರೆ ಆ ಸ್ವರ ಎಲ್ಲ ಸ್ಥಾಯಿಗಳಲ್ಲೂ ಸಾಯುತ್ತದೆ. ನಡುವಿನ ಒಂದು ಸರ್ಕ್ಯೂಟ್ ಕೆಟ್ಟರೆ ಅಲ್ಲಿಂದ ಕೆಳಗಿನದೆಲ್ಲ ಹೋಗುತ್ತದೆ. ನನ್ನದರಲ್ಲಿ ಆ ಸ್ವರದ ಆಸಿಲೇಟರ್‌ನ ಕಾಯಿಲ್‌ಗೆ ಸುತ್ತಿದ ತಂತಿ, ಕೂದಲೆಳೆಯಷ್ಟು ತೆಳ್ಳಗಿನದು, ಹಸಿರುಗಟ್ಟಿ ತುಂಡಾಗಿತ್ತು. ಕೀಗಳಡಿಯ ಫೋಮ್ ಕರಗಿ ಕಪ್ಪು ಜಿಗುಟಾಗಿ ಬೆರಳಿಗೆ ಅಂಟಿತು. ಎರಡು ಸಲ ಸೋಪು ಹಾಕಿದರೂ ಹೋಗಲಿಲ್ಲ. ವಿದ್ಯುತ್ ಪೂರೈಕೆಯ ಕೆಪಾಸಿಟರ್ ಒಂದು ಉಬ್ಬಿತ್ತು. ವರ್ಷಗಟ್ಟಲೆ ಮುಚ್ಚಿಟ್ಟ ಯಂತ್ರಕ್ಕೆ ಪರೀಕ್ಷಿಸದೆ ಪ್ಲಗ್ ಹಾಕಿದ್ದೇ ದೊಡ್ಡ ತಪ್ಪು, ಬೆಂಕಿ ಹತ್ತಬಹುದಿತ್ತು ಎಂದು ಅವರು ಗದರಿದರು. ರಿಪೇರಿಗೆ ಕೇಳಿದ ಮೊತ್ತ ನಾನು ಕೊಟ್ಟ ಬೆಲೆಗಿಂತ ಹೆಚ್ಚು.

ಮಾರಿದವನಿಗೆ ಫೋನ್ ಮಾಡಿದೆ. ‘ವಿಸ್ತೊ ಎ ಪ್ಯಾಚೂತೊ’ ಎಂದು ಇಟ್ಟುಬಿಟ್ಟ. ನೋಡಿ ಮೆಚ್ಚಿ ಒಯ್ದದ್ದು ಎಂದರ್ಥ. ಜಾಹೀರಾತಿನ ತಳದಲ್ಲಿ ಸಣ್ಣದಾಗಿ ಈ ಮೂರು ಪದಗಳಿದ್ದವು, ನಾನು ಅವನ್ನು ಮಾಮೂಲಿ ಮಾತೆಂದು ದಾಟಿಹೋಗಿದ್ದೆ. ಇಲ್ಲಿ ಹಳೆಯ ಸಾಮಾನು ಮಾರುವವರು ಇದನ್ನು ಬರೆದರೆ ಆಮೇಲೆ ದೂರು ಕೇಳುವುದಿಲ್ಲ ಎಂದೇ ಅರ್ಥ ಮಾಡಿಕೊಳ್ಳಿ.

ಹೋಗಲೇಬೇಕೆಂದಿದ್ದರೆ ವಿದ್ಯುತ್ ಇರುವ ಜಾಗವನ್ನೇ ಕೇಳಿ. ತಾಳದ ಪೆಟ್ಟಿಗೆ ನಿಲ್ಲಿಸಿ, ಕೊಳಲಿನ ಸ್ವರದ ಸ್ವಿಚ್ ಒಂದನ್ನೇ ಒತ್ತಿ, ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಒಂದೊಂದೇ ಮನೆಯನ್ನು ಒತ್ತುತ್ತಾ ಬನ್ನಿ, ಬಿಳಿಯದನ್ನೂ ಕಪ್ಪನ್ನೂ, ಎರಡೂ ಮಣೆಗಳಲ್ಲಿ. ಅವನು ಬೇಸರಪಟ್ಟರೆ ಪಡಲಿ. ನನ್ನದು ಇನ್ನೂ ಕಿಟಕಿಯ ಪಕ್ಕದಲ್ಲಿದೆ, ಹಲಗೆ ಬಿಚ್ಚಿದ ಹಾಗೆಯೇ. ಅಮ್ಮನಿಗೆ ಕಲ್ಯಾಣಿ ಇನ್ನೂ ಕೇಳಿಸಿಲ್ಲ.